ಭಾಷಣದಲ್ಲಿ ಚೀನಾ ಬೇಡ, ಮಗ್ಗದಲ್ಲಿ ಚೀನಾ ರೇಷ್ಮೆ: ಇದು ಹೇಗೆ?

ಪ್ರಶ್ನೆ: ನಾನು ಮಳವಳ್ಳಿ ಕಡೆಯ ರೇಷ್ಮೆ ಬೆಳೆಗಾರ. ಎರಡು ಎಕರೆ ಹಿಪ್ಪುನೇರಳೆ ಇದೆ, ಬಿಳಿ ಗೂಡು ಕಟ್ಟುವ ಬೈವೋಲ್ಟಿನ್ ಹುಳು ಸಾಕುತ್ತೇನೆ. ಮಗ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿದ್ದಾನೆ. ಅಲ್ಲಿಗೆ ಬರುವ ಬಿಡಿಭಾಗ ಅರ್ಧಕ್ಕರ್ಧ ಚೀನಾದ್ದು ಅಂತಾನೆ. ಚುನಾವಣೆ ಬಂದರೆ ಎಲ್ಲ ಪಕ್ಷದವರೂ ಚೀನಾ ವಿರುದ್ಧ ಗುಡುಗುತ್ತಾರೆ. ಗೆದ್ದ ಮೇಲೆ ಅಲ್ಲಿಗೇ ಹೋಗಿ ಕೈ ಕುಲುಕುತ್ತಾರೆ. ಚೀನಾ ರೇಷ್ಮೆ ಬರೋದಂತೂ ನಿಂತಿಲ್ಲ. ತನ್ನ ಜನರಿಗೇ ಬಾಯಿ ಬಿಡಲು ಬಿಡದ ಸರ್ಕಾರದ ಜೊತೆ ವ್ಯಾಪಾರ ಮಾಡುವುದನ್ನು ನಮ್ಮ ರಾಜಕಾರಣಿಗಳು ಒಳಗೊಳಗೆ ಹೇಗೆ ನೋಡುತ್ತಾರೆ? ಅಥವಾ ಇದೆಲ್ಲ ಸುಮ್ನೆ ನಾಟಕವಾ?

ಉತ್ತರ: ನಾಟಕ ಅಂತ ನನಗೆ ಅನ್ನಿಸುವುದಿಲ್ಲ. ಮೈಸೂರಿನಲ್ಲಿ ಮೂವತ್ತು ವರ್ಷ ಅಂತರರಾಷ್ಟ್ರೀಯ ರಾಜಕೀಯ ಪಾಠ ಮಾಡಿದ್ದೇನೆ. ಅಪ್ಪ, ಅವ್ವ ಹುಳು ಸಾಕಿಯೇ ನನ್ನನ್ನು ಓದಿಸಿದರು. ಹಾಗಾಗಿ ನಿಮ್ಮ ಪ್ರಶ್ನೆಯ ಎರಡೂ ತುದಿ ನನಗೆ ಗೊತ್ತು. ನಾನು ಕಂಡಿದ್ದು ಇಷ್ಟು. ರಾಜಕಾರಣಿ ವಿರೋಧ ಪಕ್ಷದಲ್ಲಿ ಕೂತಾಗ ಅವನಿಗೆ ಚೀನಾ ಅಂದರೆ ಗಡಿ. ಅಧಿಕಾರಕ್ಕೆ ಬಂದಾಗ ಗಡಿಯ ಜೊತೆಗೆ ಔಷಧ, ಗೊಬ್ಬರ, ಮೊಬೈಲು, ಮಗ್ಗ ಎಲ್ಲ ಸೇರಿಕೊಳ್ಳುತ್ತೆ. ಎರಡೂ ಕಡೆ ಅವನು ಆಡುವ ಮಾತು ನಿಜವೇ ಇರಬಹುದು. ಕುರ್ಚಿ ಬದಲಾದಾಗ ಕಣ್ಣಿಗೆ ಬೀಳುವ ಸಾಲದ ಚೀಟಿ ಬದಲಾಗುತ್ತೆ. ಅದಕ್ಕೇ ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ: ಭಾಷಣ ಕೇಳಿ, ಆದರೆ ನಿಲುವು ಯಾವುದು ಅಂತ ತಿಳಿಯೋಕೆ ಸುಂಕದ ಪಟ್ಟಿ ನೋಡಿ.

ನಿಮ್ಮ ರೇಷ್ಮೆಯಿಂದಲೇ ಶುರು ಮಾಡೋಣ. ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಎಲ್ಲೂ ಸಿಕ್ಕಿಲ್ಲ.

2011ರ ಬಜೆಟ್ ನಿಮಗೆ ನೆನಪಿರುತ್ತೆ. ಆಗಿನ ಹಣಕಾಸು ಸಚಿವ ಪ್ರಣಬ್ ಮುಖರ್ಜಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ಒಂದೇ ಏಟಿಗೆ. ಕೆಲವೇ ತಿಂಗಳಲ್ಲಿ ಗೂಡಿನ ಬೆಲೆ ಕುಸಿಯಿತು. ಆ ವರ್ಷ ನಾನು ರಾಮನಗರದ ಮಾರುಕಟ್ಟೆಗೆ ಹೋಗಿದ್ದೆ. ಮಂಡ್ಯ ಕಡೆಯ ಒಬ್ಬ ರೈತ ತನ್ನ ಗೂಡಿನ ರಾಶಿಯ ಪಕ್ಕ ನಿಂತಿದ್ದ. ಒಂದೊಂದೇ ಗೂಡು ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದ. ಒಳಗೆ ಹುಳು ಗಟ್ಟಿಯಾಗಿ ಟಕ್ ಅನ್ನುತ್ತಿತ್ತು. ಒಳ್ಳೆ ಬೆಳೆ. ನಾಲ್ಕನೇ ಜ್ವರ, ಅಂದರೆ ಹುಳು ಕೊನೆಯ ಸಲ ಪೊರೆ ಬಿಡುವ ಹಂತ, ಎದ್ದ ಮೇಲೆ ಒಂದು ಹುಳುವೂ ಕೆಟ್ಟಿರಲಿಲ್ಲ ಅಂದ. ಕೂಗಿದ ಬೆಲೆ ಮಾತ್ರ ಸೊಪ್ಪಿನ ಖರ್ಚಿಗೂ ಸಾಲುತ್ತಿರಲಿಲ್ಲ. ಅವನು ಲಾಟ್ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು, "ನಾನೇನು ತಪ್ಪು ಮಾಡ್ದೆ ಸಾರ್?" ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನ ಬೆಳೆಯಲ್ಲಿ ತಪ್ಪು ಇರಲಿಲ್ಲ. ದೆಹಲಿಯಲ್ಲಿ ಒಂದು ಸಾಲು ಬದಲಾಗಿತ್ತು, ಅಷ್ಟೇ.

ಆ ಸಾಲು ಯಾಕೆ ಬದಲಾಯಿತು? ಚೀನಾದ ಮೇಲಿನ ಪ್ರೀತಿಯಿಂದ ಅಲ್ಲ. ಅದರ ಹಿಂದಿನ ವರ್ಷ ರೇಷ್ಮೆ ನೂಲಿನ ಬೆಲೆ ವಿಪರೀತ ಏರಿತ್ತು. ವಾರಾಣಸಿ, ಕಾಂಚೀಪುರ, ಧರ್ಮಾವರದಂಥ ಊರುಗಳಲ್ಲಿ ನೇಕಾರರ ಮಗ್ಗ ನಿಲ್ಲುವ ಹಂತಕ್ಕೆ ಬಂದಿತ್ತು. ಅವರಿಗೂ ಓಟಿದೆ, ಅವರಿಗೂ ಸಂಸದರಿದ್ದಾರೆ. ಬೆಳೆಗಾರ ಬೆಲೆ ಏರಲಿ ಅಂತಾನೆ, ನೇಕಾರ ಇಳಿಯಲಿ ಅಂತಾನೆ. ಇಬ್ಬರೂ ಬಡವರೇ. ದೆಹಲಿಯಲ್ಲಿ ಕೂತವನ ಮುಂದೆ ಇರುವುದು ಈ ಜಗಳ. ಅದರಲ್ಲಿ ಚೀನಾದ ಆಡಳಿತ ಎಂಥದ್ದು ಅನ್ನುವ ಪ್ರಶ್ನೆ ಮೇಜಿನ ಮೇಲೆ ಬರುವುದೇ ಇಲ್ಲ.

ಆಗ ಕೇಂದ್ರ ಸಂಪುಟದಲ್ಲಿ ವಿದೇಶಾಂಗ ಸಚಿವರಾಗಿದ್ದವರು ನಮ್ಮ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ. 2010ರ ಏಪ್ರಿಲ್‌ನಲ್ಲಿ ಅವರು ಬೀಜಿಂಗ್‌ಗೆ ಹೋಗಿ, ಎರಡೂ ದೇಶದ ಪ್ರಧಾನಿಗಳ ನಡುವೆ ನೇರ ದೂರವಾಣಿ ಸಂಪರ್ಕದ ಒಪ್ಪಂದಕ್ಕೆ ಸಹಿ ಹಾಕಿ ಬಂದಿದ್ದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಚೀನಾದ ಪ್ರಧಾನಿ ವೆನ್ ಜಿಯಾಬಾವೊ ದೆಹಲಿಗೆ ಬಂದರು. 2015ರೊಳಗೆ ವ್ಯಾಪಾರವನ್ನು 100 ಬಿಲಿಯನ್ ಡಾಲರ್‌ಗೆ ಮುಟ್ಟಿಸುವ ಗುರಿ ಹಾಕಿಕೊಂಡರು. ಆಗ ಅದು ಹೆಮ್ಮೆಯ ಸುದ್ದಿ. ಅದೇ ಹೊತ್ತಿಗೆ, ಕಾಶ್ಮೀರ ನಮ್ಮದು ಅಂತ ಒಪ್ಪದ ಹಾಗೆ, ಕಾಶ್ಮೀರದವರಿಗೆ ಚೀನಾ ಪಾಸ್‌ಪೋರ್ಟಿಗೆ ಪಿನ್ನು ಹೊಡೆದ ಬಿಡಿ ಹಾಳೆಯಲ್ಲಿ ವೀಸಾ ಕೊಡುತ್ತಿತ್ತು. ನಮ್ಮ ಒಬ್ಬ ಸೇನಾಧಿಕಾರಿಗೆ ವೀಸಾ ನಿರಾಕರಿಸಿತ್ತು. ಕೃಷ್ಣ ಅವರ ಮೇಜಿನ ಮೇಲೆ ಇವೆಲ್ಲವೂ ಒಟ್ಟಿಗೇ ಇದ್ದವು. ಅವರ ಊರಿನ ಸುತ್ತಮುತ್ತ ಮಾತ್ರ ಹಿಪ್ಪುನೇರಳೆ ಕಿತ್ತು ಕಬ್ಬು ಹಾಕೋಣವಾ ಅಂತ ಜನ ಯೋಚಿಸುತ್ತಿದ್ದರು.

ರಾಜ್ಯದಲ್ಲಿ ಆಗ ಇದ್ದದ್ದು ಬಿಜೆಪಿ ಸರ್ಕಾರ, ಕೇಂದ್ರದಲ್ಲಿ ಕಾಂಗ್ರೆಸ್. ಸುಂಕ ಏರಿಸಿ ಅಂತ ಕರ್ನಾಟಕದಿಂದ ಕೂಗು ಎದ್ದಿತು. 2013ರ ಬಜೆಟ್‌ನಲ್ಲಿ ಚಿದಂಬರಂ ಶೇ 15ಕ್ಕೆ ಏರಿಸಿದರು. ನಡುವೆ ಅದು ಮತ್ತೆ ಶೇ 10ಕ್ಕೆ ಇಳಿದಿತ್ತು. 2021ರ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ ಪುನಃ ಶೇ 15 ಮಾಡಿದರು. ನೋಡಿ, ಹತ್ತು ವರ್ಷದಲ್ಲಿ 30, 5, 15, 10, 15. ಎರಡೂ ಪಕ್ಷ ಇದರಲ್ಲಿವೆ. ಚುನಾವಣೆಯ ಭಾಷಣ ಹುಡುಕಿದರೆ ಈ ಹತ್ತು ವರ್ಷದಲ್ಲಿ ಚೀನಾ ಪರವಾಗಿ ಮಾತಾಡಿದ ಒಬ್ಬ ನಾಯಕನೂ ನಿಮಗೆ ಸಿಗುವುದು ಕಷ್ಟ.

ಇನ್ನು ಚೀನಾ ನೂಲೇ ಯಾಕೆ ಬೇಕು ಅನ್ನೋದನ್ನೂ ಹೇಳಲೇಬೇಕು. ಇದು ಗೊತ್ತಿಲ್ಲದೆ ಮಾತಾಡುವವರು ಜಾಸ್ತಿ. ಸೀರೆಗೆ ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು ಅಂತ ಎರಡು ಎಳೆ ಇರುತ್ತೆ. ಹೊಕ್ಕಿಗೆ ನಮ್ಮ ಮಿಶ್ರತಳಿ ಹಳದಿ ಗೂಡಿನ ನೂಲು ನಡೆಯುತ್ತೆ. ಹಾಸಿನ ಎಳೆಗೆ, ಅದರಲ್ಲೂ ವಿದ್ಯುತ್ ಮಗ್ಗದ ಹಾಸಿನ ಎಳೆಗೆ, ಒಂದೇ ದಪ್ಪದ, ತುಂಡಾಗದ ನೂಲು ಬೇಕು. ಗಳಿಗೆಗೊಮ್ಮೆ ಎಳೆ ಕಿತ್ತರೆ ಮಗ್ಗ ನಿಲ್ಲಿಸಿ ಗಂಟು ಹಾಕಬೇಕು. ಆ ಗಂಟಿಗೆ ಹೋದ ಸಮಯ ನೇಕಾರನ ಕೂಲಿಯಲ್ಲೇ ಕಡಿತ. ಚೀನಾದ 3ಎ, 4ಎ ದರ್ಜೆಯ ಬಿಳಿ ನೂಲು ಆ ತೊಂದರೆ ಕೊಡುವುದಿಲ್ಲ.

ಅದಕ್ಕೆ ಉತ್ತರ ಹುಟ್ಟಿದ್ದು ನಮ್ಮ ಮೈಸೂರಿನಲ್ಲೇ. ಶ್ರೀರಾಂಪುರದ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ 1990ರ ದಶಕದಲ್ಲಿ ಜಪಾನಿನ ನೆರವಿನಿಂದ ಬೈವೋಲ್ಟಿನ್ ತಳಿಗಳನ್ನು ರೂಪಿಸಿದರು. ನೀವು ಸಾಕುವ ಬಿಳಿ ಗೂಡು ಆ ದುಡಿಮೆಯ ಫಲ. ಗೂಡು ಬಂತು, ಆದರೆ ಅದನ್ನು ಚೆನ್ನಾಗಿ ಬಿಚ್ಚುವ ಯಂತ್ರ ಬೇಕಲ್ಲ? ಆ ಸ್ವಯಂಚಾಲಿತ ರೀಲಿಂಗ್ ಯಂತ್ರ ಬಂದದ್ದು ಚೀನಾದಿಂದ. ಸರ್ಕಾರವೇ ಸಹಾಯಧನ ಕೊಟ್ಟು ಹಾಕಿಸಿತು. ಅಂಥ ಒಂದು ಘಟಕ ನೋಡಲು ಹೋಗಿದ್ದೆ. ಬಿಸಿನೀರಿನ ಆವಿ, ಹುಳು ಬೆಂದ ವಾಸನೆ, ಉದ್ದಕ್ಕೆ ತಿರುಗುವ ನೂರಾರು ಎಳೆ. ಗುಂಡಿಗಳ ಮೇಲೆಲ್ಲ ಚೀನಿ ಅಕ್ಷರ. ಅದರ ಕೆಳಗೆ ಬಿಳಿ ಟೇಪು ಅಂಟಿಸಿ ಅಲ್ಲಿನ ಹೆಣ್ಣುಮಗಳೊಬ್ಬಳು ಕನ್ನಡದಲ್ಲಿ ಬರೆದಿದ್ದಳು: ನಿಲ್ಲಿಸು, ನೀರು, ನಿಧಾನ. ಚೀನಾ ರೇಷ್ಮೆಯನ್ನು ದೂರ ಇಡುವ ನೂಲು ಚೀನಾ ಯಂತ್ರದಲ್ಲಿ ತಯಾರಾಗುತ್ತಿತ್ತು. ಆ ಟೇಪು ನೋಡಿದ ದಿನದಿಂದ "ಬಹಿಷ್ಕರಿಸಿ" ಅನ್ನುವ ಮಾತನ್ನು ನಾನು ಅಷ್ಟು ಸಲೀಸಾಗಿ ಆಡಿಲ್ಲ.

ಆಮದು ಕಡಿಮೆ ಆಗಿದ್ದೂ ಭಾಷಣದಿಂದಲ್ಲ. 2005-06ರಲ್ಲಿ ದೇಶಕ್ಕೆ 8 ಸಾವಿರ ಟನ್‌ಗೂ ಜಾಸ್ತಿ ಕಚ್ಚಾ ರೇಷ್ಮೆ ಬಂದಿತ್ತು. 2020-21ರಲ್ಲಿ ಅದು 2 ಸಾವಿರ ಟನ್‌ಗಿಂತ ಕೆಳಗಿಳಿಯಿತು. ಒಂದು ಕಾರಣ ನಿಮ್ಮಂಥವರು ಬಿಳಿ ಗೂಡು ಬೆಳೆದಿದ್ದು. ಇನ್ನೊಂದು, ಚೀನಾದಲ್ಲೇ ಕೂಲಿ ಏರಿತು, ಅವರ ಹಿಪ್ಪುನೇರಳೆ ಪೂರ್ವದ ಶ್ರೀಮಂತ ಪ್ರಾಂತ್ಯಗಳಿಂದ ಗುವಾಂಗ್ಸಿ ಕಡೆಗೆ ಸರಿಯಿತು, ನೂಲು ತುಟ್ಟಿಯಾಯಿತು. 2022-23ರಲ್ಲಿ ಮತ್ತೆ 4 ಸಾವಿರ ಟನ್ ಹತ್ತಿರ ಬಂತು. ಅದು ಗಲ್ವಾನ್ ಗಡಿಯಲ್ಲಿ ಚೀನಾದ ಸೇನೆಯ ಜೊತೆ ಹೊಡೆದಾಟ ಆಗಿ ಎರಡು ವರ್ಷದ ಮೇಲೆ.

ಇಷ್ಟು ಹೇಳಿದ ಮೇಲೆ ನಿಮ್ಮ "ಗೆದ್ದ ಮೇಲೆ ಕೈ ಕುಲುಕುತ್ತಾರೆ" ಅನ್ನುವ ಮಾತಿಗೆ ಬರುತ್ತೇನೆ. ಇದಕ್ಕೆ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಅವರ ಕಥೆ ಸಾಕು. ಟಿಬೆಟ್ ಬಗ್ಗೆ ಜೀವನವಿಡೀ ದನಿ ಎತ್ತಿದವರು. 1998ರ ಮೇ ತಿಂಗಳಲ್ಲಿ, ರಕ್ಷಣಾ ಸಚಿವರಾಗಿ, ನಮಗೆ ಬರಬಹುದಾದ ಅಪಾಯಗಳಲ್ಲಿ ಚೀನಾವೇ ಮೊದಲನೆಯದು ಎಂದು ಬಹಿರಂಗವಾಗಿ ಹೇಳಿದರು. ಬೀಜಿಂಗ್ ಕೆರಳಿತು. ಅದೇ ಫರ್ನಾಂಡಿಸ್ 2003ರ ಏಪ್ರಿಲ್‌ನಲ್ಲಿ, ಸಾರ್ಸ್ ರೋಗ ಹಬ್ಬಿದ್ದ ಹೊತ್ತಿನಲ್ಲಿ, ಬೀಜಿಂಗ್‌ಗೆ ಹೋದರು. ಎರಡು ತಿಂಗಳ ನಂತರ ವಾಜಪೇಯಿ ಹೋದರು. ಆ ಭೇಟಿಯಲ್ಲಿ ಟಿಬೆಟ್ ಸ್ವಾಯತ್ತ ಪ್ರದೇಶ ಚೀನಾದ ಭಾಗ ಎಂದು ಭಾರತ ಲಿಖಿತವಾಗಿ ಒಪ್ಪಿಕೊಂಡಿತು. ಬದಲಿಗೆ ಸಿಕ್ಕಿಮ್‌ನ ನಾಥು ಲಾ ಮೂಲಕ ವ್ಯಾಪಾರಕ್ಕೆ ಚೀನಾ ಒಪ್ಪಿತು. ಅಂದರೆ ಸಿಕ್ಕಿಮ್ ನಮ್ಮದು ಅಂತ ಬಾಯಿಬಿಟ್ಟು ಹೇಳದೆ ಒಪ್ಪಿದಂತಾಯಿತು. 2006ರಲ್ಲಿ ಆ ದಾರಿ ತೆರೆಯಿತು. ಅಲ್ಲಿಂದ ತರಬಹುದಾದ 15 ವಸ್ತುಗಳ ಪಟ್ಟಿಯಲ್ಲಿ ಯಾಕಿನ ಬಾಲ, ಉಪ್ಪು, ಕುರಿ, ಮೇಕೆಯ ಜೊತೆಗೆ ಕಚ್ಚಾ ರೇಷ್ಮೆಯೂ ಇತ್ತು.

ಆದರೆ ಅದೇ 2003ರಲ್ಲಿ ಅದೇ ಸರ್ಕಾರ ಇನ್ನೊಂದು ಕೆಲಸವನ್ನೂ ಮಾಡಿತು. ಚೀನಾ ರೇಷ್ಮೆಯನ್ನು ಅಗ್ಗಕ್ಕೆ ತಂದು ಸುರಿಯುತ್ತಿದೆ ಎಂದು ಅದರ ಮೇಲೆ ಸುರಿ-ವಿರೋಧಿ ಸುಂಕ ಹಾಕಿತು. ವ್ಯಾಪಾರಿಗಳು ಆ್ಯಂಟಿ ಡಂಪಿಂಗ್ ಅನ್ನುವುದು ಇದನ್ನೇ. ಒಂದೇ ವರ್ಷ: ಟಿಬೆಟ್ ವಿಷಯದಲ್ಲಿ ಬಿಟ್ಟುಕೊಟ್ಟಿತು, ಸಿಕ್ಕಿಮ್ ವಿಷಯದಲ್ಲಿ ಗಳಿಸಿತು, ರೇಷ್ಮೆ ವಿಷಯದಲ್ಲಿ ಬೇಲಿ ಹಾಕಿತು. ಪಕ್ಕಾ ವಿರೋಧಿ, ಪಕ್ಕಾ ಸ್ನೇಹಿತ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಾನಂತೂ ಆ ವರ್ಷದ ಕೆಲಸವನ್ನು ಒಳ್ಳೆಯ ರಾಜಕಾರಣ ಅಂತಲೇ ನೋಡುತ್ತೇನೆ, ಟಿಬೆಟ್‌ನ ಮಾತೊಂದನ್ನು ಬಿಟ್ಟು. ಅದಕ್ಕೆ ಆಮೇಲೆ ಬರುತ್ತೇನೆ.

ಈ ಎರಡು ಮನಸ್ಸು ಹೊಸದೇನಲ್ಲ. 1950ರ ಏಪ್ರಿಲ್ 1ರಂದೇ ನಾವು ಕಮ್ಯುನಿಸ್ಟ್ ಚೀನಾದ ಜೊತೆ ರಾಜತಾಂತ್ರಿಕ ಸಂಬಂಧ ಬೆಳೆಸಿದೆವು. ಅದೇ ವರ್ಷ ನವೆಂಬರ್‌ನಲ್ಲಿ ಸರ್ದಾರ್ ಪಟೇಲರು ನೆಹರೂ ಅವರಿಗೆ ಉದ್ದನೆಯ ಪತ್ರ ಬರೆದು ಚೀನಾದ ಬಗ್ಗೆ ಎಚ್ಚರಿಸಿದರು. ಒಂದೇ ಸಂಪುಟ, ಎರಡು ನೋಟ. ಪಂಚಶೀಲ ಅಂತ ನಾವು ಶಾಲೆಯಲ್ಲಿ ಓದಿದ 1954ರ ಒಪ್ಪಂದ ಅಸಲಿಗೆ ಟಿಬೆಟ್ ಜೊತೆಗಿನ ವ್ಯಾಪಾರದ ಒಪ್ಪಂದ. 1962ರಲ್ಲಿ ಅದರ ಅವಧಿ ಮುಗಿಯಿತು, ಕೆಲವೇ ತಿಂಗಳಲ್ಲಿ ಯುದ್ಧ ಬಂತು. ರಾಯಭಾರಿಯನ್ನು ಮತ್ತೆ ಕಳಿಸಲು 1976 ಆಯಿತು. ರಾಜೀವ್ ಗಾಂಧಿ 1988ರಲ್ಲಿ ಹೋಗಿ ಡೆಂಗ್ ಶಿಯೋಪಿಂಗ್ ಕೈ ಹಿಡಿದ ಮೇಲೆ ಒಂದು ಸೂತ್ರ ನೆಲೆಯಾಯಿತು: ಗಡಿ ಜಗಳ ಒಂದು ಕಡೆ ಇರಲಿ, ಉಳಿದ ವ್ಯವಹಾರ ನಡೆಯಲಿ. ಮೂವತ್ತು ವರ್ಷ ಎಲ್ಲ ಪಕ್ಷಗಳೂ ಅದನ್ನೇ ನಡೆಸಿಕೊಂಡು ಬಂದವು.

2020ರ ಜೂನ್ 15ರ ರಾತ್ರಿ ಗಲ್ವಾನ್‌ನಲ್ಲಿ ಅದು ಮುರಿಯಿತು. ನಮ್ಮ 20 ಯೋಧರು ಸತ್ತರು. ಎರಡು ವಾರದಲ್ಲಿ ಟಿಕ್‌ಟಾಕ್ ಸೇರಿ 59 ಆ್ಯಪ್ ನಿಷೇಧವಾದವು. ಗಡಿ ಹಂಚಿಕೊಂಡ ದೇಶಗಳಿಂದ ಬರುವ ಬಂಡವಾಳಕ್ಕೆ ಸರ್ಕಾರದ ಅನುಮತಿ ಬೇಕು ಅನ್ನುವ ನಿಯಮ ಆ ಏಪ್ರಿಲ್‌ನಲ್ಲೇ ಬಂದಿತ್ತು. ಕೊರೊನಾ ಕಾಲದಲ್ಲಿ ನಿಂತಿದ್ದ ನೇರ ವಿಮಾನಗಳು 2025ರವರೆಗೆ ಮತ್ತೆ ಹಾರಲಿಲ್ಲ. ಆದರೆ ಸರಕು? 2020-21ರಲ್ಲಿ ಚೀನಾದಿಂದ ಸುಮಾರು 65 ಬಿಲಿಯನ್ ಡಾಲರ್‌ನ ಸರಕು ಬಂದಿತ್ತು. 2024-25ರಲ್ಲಿ ಅದು 113 ಬಿಲಿಯನ್ ದಾಟಿತು. ನಾವು ಅವರಿಗೆ ಮಾರಿದ್ದು 14 ಬಿಲಿಯನ್ ಚಿಲ್ಲರೆ. ಇದು ನಾಯಕರ ಸುಳ್ಳಿನ ಲೆಕ್ಕ ಅಲ್ಲ. ಮಾತ್ರೆಗೆ ಬೇಕಾದ ಮೂಲ ಔಷಧ, ಸೋಲಾರ್ ಫಲಕ, ಬ್ಯಾಟರಿ, ನಿಮ್ಮ ಮಗ ದಿನಾ ಕೈಯಲ್ಲಿ ಹಿಡಿಯುವ ಬಿಡಿಭಾಗ, ಇವನ್ನು ಇನ್ನೆಲ್ಲಿಂದಲೂ ಅಷ್ಟು ಬೇಗ, ಅಷ್ಟು ಅಗ್ಗಕ್ಕೆ ತರಲು ಆಗಲಿಲ್ಲ. ಆಮದಾದ ಬಿಡಿಭಾಗದಿಂದಲೇ ನಾವು ಮೊಬೈಲು ಜೋಡಿಸಿ ಅಮೆರಿಕಕ್ಕೆ ಮಾರುತ್ತಿದ್ದೇವೆ.

2023ರಲ್ಲಿ ವಿದೇಶಾಂಗ ಸಚಿವ ಜೈಶಂಕರ್ ಒಂದು ಸಂದರ್ಶನದಲ್ಲಿ, ಅವರ ಆರ್ಥಿಕತೆ ನಮ್ಮದಕ್ಕಿಂತ ದೊಡ್ಡದು, ಚಿಕ್ಕ ಆರ್ಥಿಕತೆಯವರಾಗಿ ನಾವು ಹೋಗಿ ಜಗಳ ತೆಗೆಯಬೇಕಾ ಎಂಬ ಅರ್ಥದ ಮಾತು ಹೇಳಿದರು. ವಿರೋಧ ಪಕ್ಷ ಇದನ್ನು ಹೇಡಿತನ ಅಂದಿತು. ನನಗೆ ಅದು ಅಧಿಕಾರದ ಕುರ್ಚಿಯಿಂದ ಬಂದ ಪ್ರಾಮಾಣಿಕ ಮಾತು ಅನ್ನಿಸಿತು. ವಿರೋಧ ಪಕ್ಷದ ಸಿಟ್ಟೂ ಪ್ರಾಮಾಣಿಕವೇ. ಅವರು ಅಧಿಕಾರದಲ್ಲಿದ್ದಾಗ ಇದೇ ಸಿಟ್ಟು ಎದುರು ಬದಿಯಿಂದ ಕೇಳಿಬರುತ್ತಿತ್ತು. ಸರ್ಕಾರದೊಳಗೂ ಒಂದೇ ದನಿ ಇರುವುದಿಲ್ಲ. 2024ರ ಜುಲೈನಲ್ಲಿ ಆರ್ಥಿಕ ಸಮೀಕ್ಷೆ, ಚೀನಾದ ಸರಕಿನ ಬದಲು ಚೀನಾದ ಬಂಡವಾಳ ಬರಲಿ, ಕಾರ್ಖಾನೆ ಇಲ್ಲೇ ಆಗಲಿ ಎಂಬ ದಾರಿ ತೋರಿಸಿತು. ಕೆಲವೇ ದಿನದಲ್ಲಿ ವಾಣಿಜ್ಯ ಸಚಿವ ಪೀಯೂಷ್ ಗೋಯಲ್, ಹಾಗೆ ಮರುಚಿಂತನೆ ಏನೂ ಇಲ್ಲ ಅಂದರು.

ಬೆಂಗಳೂರಿನ ಹಳದಿ ಮಾರ್ಗದ ಮೆಟ್ರೊ ನೆನಪಿಸಿಕೊಳ್ಳಿ. ಬೋಗಿಗಳ ಗುತ್ತಿಗೆ 2019ರಲ್ಲೇ ಚೀನಾದ ಕಂಪನಿಗೆ ಹೋಗಿತ್ತು. ಮೊದಲ ರೈಲು ಬರುವ ಹೊತ್ತಿಗೆ 2024 ಆಗಿತ್ತು, ಜನ ಓಡಾಡಲು 2025ರ ಆಗಸ್ಟ್ ಆಯಿತು. ತಡಕ್ಕೆ ಹಲವು ಕಾರಣ, ಅದರಲ್ಲಿ ಒಂದು ಚೀನಾದ ಎಂಜಿನಿಯರ್‌ಗಳಿಗೆ ವೀಸಾ ಸಿಗದಿದ್ದದ್ದು. ಟ್ರಾಫಿಕ್‌ನಲ್ಲಿ ಕೂತ ಮತದಾರ ರೈಲು ಎಲ್ಲಿ ಅಂತ ಕೇಳಿದ. ಗಡಿ ನೋಡುವ ಇಲಾಖೆ ವೀಸಾ ಬೇಡ ಅಂತು. ಇಬ್ಬರೂ ತಪ್ಪಿಲ್ಲ ಅಲ್ವಾ?

ಈಗ ನಿಮ್ಮ ಪ್ರಶ್ನೆಯ ಗಟ್ಟಿ ಭಾಗ. ಬಾಯಿ ಬಿಡಲು ಬಿಡದ ಸರ್ಕಾರ ಅಂದಿರಿ. ಅದು ವ್ಯಾಪಾರದಲ್ಲಿ ಏನು ವ್ಯತ್ಯಾಸ ಮಾಡುತ್ತೆ?

ಹೊರಗಿನ ನಾಯಕರು ಇದಕ್ಕೆ ಮೊದಲು ಕೊಟ್ಟ ಉತ್ತರ ಆಸೆಯದು. ವ್ಯಾಪಾರ ಮಾಡುತ್ತಾ ಮಾಡುತ್ತಾ ಅವರೂ ಮೆತ್ತಗಾಗುತ್ತಾರೆ ಅಂತ. ಬಿಲ್ ಕ್ಲಿಂಟನ್ 2000ದಲ್ಲಿ ಇದನ್ನೇ ಹೇಳಿ ಅಮೆರಿಕದ ಸಂಸತ್ತನ್ನು ಒಪ್ಪಿಸಿದರು. 2001ರ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು. ಶ್ರೀಮಂತವಾಯಿತು, ಮೆತ್ತಗಾಗಲಿಲ್ಲ. ಜರ್ಮನಿ ರಷ್ಯಾದ ಬಗ್ಗೆ ಇದೇ ನಂಬಿತ್ತು. ತಾನು ತರಿಸುವ ಅನಿಲದಲ್ಲಿ ಅರ್ಧಕ್ಕಿಂತ ಜಾಸ್ತಿ ರಷ್ಯಾದಿಂದಲೇ ತರಿಸುತ್ತಿತ್ತು. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಮೇಲೆ ದಾಳಿ ಆದಾಗ ಆ ನಂಬಿಕೆ ಒಂದೇ ಬೆಳಗ್ಗೆ ಕುಸಿಯಿತು.

ಎರಡನೇ ಉತ್ತರ ಭಯದ್ದು. 2010ರಲ್ಲಿ ಚೀನಾದ ಬಂಧಿತ ಬರಹಗಾರ ಲಿಯು ಶಿಯಾಬೊಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಕೊಟ್ಟದ್ದು ಸಮಿತಿ, ನಾರ್ವೆ ಸರ್ಕಾರ ಅಲ್ಲ. ಆದರೂ ಆರು ವರ್ಷ ಚೀನಾ ನಾರ್ವೆಯ ಜೊತೆ ಮಾತು ಬಿಟ್ಟಿತು. ಅಲ್ಲಿನ ಸಾಲ್ಮನ್ ಮೀನಿಗೂ ಬಾಗಿಲು ಬಿಗಿಯಾಯಿತು. 2020ರಲ್ಲಿ ಆಸ್ಟ್ರೇಲಿಯಾ ಕೊರೊನಾದ ಮೂಲ ತನಿಖೆ ಆಗಲಿ ಅಂದಿತು. ಅದರ ಬಾರ್ಲಿ ಮೇಲೆ ಶೇ 80.5ರ ಸುಂಕ ಬಿತ್ತು, ವೈನ್ ಮೇಲೆ ಇನ್ನೂ ಜಾಸ್ತಿ. ಬಾರ್ಲಿ ಬೆಳೆದ ರೈತ ಯಾವ ಹೇಳಿಕೆಯನ್ನೂ ಕೊಟ್ಟಿರಲಿಲ್ಲ. ರಾಮನಗರದಲ್ಲಿ ನಿಂತಿದ್ದ ಆ ಮನುಷ್ಯನ ಪ್ರಶ್ನೆ ಅವರದ್ದೂ ಆಗಿರಬೇಕು. ಆದರೆ ಆಸ್ಟ್ರೇಲಿಯಾದ ಕಬ್ಬಿಣದ ಅದಿರನ್ನು ಚೀನಾ ಮುಟ್ಟಲಿಲ್ಲ, ಯಾಕೆಂದರೆ ಅದು ತನಗೇ ಬೇಕಿತ್ತು. ಬೇರೆ ಗಿರಾಕಿ ಹುಡುಕಿಕೊಂಡ ಬಾರ್ಲಿಯವರು ಬದುಕಿದರು. 2023ರಲ್ಲಿ ಆ ಸುಂಕ ಹೋಯಿತು.

ವ್ಯತ್ಯಾಸ ಇಲ್ಲಿದೆ. ನಮ್ಮಲ್ಲಿ ಸುಂಕ ಇಳಿಸಿದರೆ ನೀವು ರಸ್ತೆಗೆ ಇಳಿಯಬಹುದು. ಪತ್ರಿಕೆ ಬರೆಯುತ್ತೆ, ಸಂಸತ್ತಿನಲ್ಲಿ ಪ್ರಶ್ನೆ ಬರುತ್ತೆ, ಎರಡು ವರ್ಷಕ್ಕಾದರೂ ಸಾಲು ಬದಲಾಗುತ್ತೆ. ಅಲ್ಲಿ ಒಂದು ದಿನ ಬಂದರಿನಲ್ಲಿ ಸರಕು ನಿಲ್ಲುತ್ತೆ. ಯಾರು ನಿಲ್ಲಿಸಿದರು, ಯಾಕೆ, ಎಷ್ಟು ದಿನ ಅಂತ ಕೇಳಲು ಒಂದು ಬಾಗಿಲೂ ಇಲ್ಲ. 2025ರಲ್ಲಿ ಹೀಗೇ ಆಯಿತು. ಏಪ್ರಿಲ್‌ನಲ್ಲಿ ಅಪರೂಪದ ಲೋಹಗಳ ಆಯಸ್ಕಾಂತದ ರಫ್ತಿಗೆ ಚೀನಾ ಕಡಿವಾಣ ಹಾಕಿತು. ಹೆಚ್ಚಿನ ವಿದ್ಯುತ್ ವಾಹನಗಳ ಮೋಟಾರಿಗೆ ಅದು ಬೇಕು. ಹನಿ ನೀರಾವರಿಯಲ್ಲಿ ಬಿಡುವ ನೀರಲ್ಲಿ ಕರಗುವ ವಿಶೇಷ ಗೊಬ್ಬರದ ಸಾಗಣೆಯೂ ಅದೇ ಮುಂಗಾರಿನಲ್ಲಿ ನಿಂತಿತು. ನಿಮ್ಮ ತೋಟಕ್ಕೂ ಅದು ತಟ್ಟಿರಬಹುದು. ಆಗಸ್ಟ್‌ನಲ್ಲಿ ಚೀನಾದ ವಿದೇಶಾಂಗ ಸಚಿವ ವಾಂಗ್ ಯಿ ದೆಹಲಿಗೆ ಬಂದಾಗ, ಗೊಬ್ಬರ, ಆಯಸ್ಕಾಂತ, ಸುರಂಗ ಕೊರೆಯುವ ಯಂತ್ರ ಈ ಮೂರರ ಮಾತೂ ಆಯಿತು. ಅದೇ ತಿಂಗಳ ಕೊನೆಗೆ ಪ್ರಧಾನಿ ಮೋದಿ ಏಳು ವರ್ಷದ ಮೇಲೆ ಚೀನಾಕ್ಕೆ ಹೋದರು. ಆ ಕೈಕುಲುಕಿನ ಫೋಟೊ ನೋಡಿ ಬೇಸರಪಟ್ಟವರಿಗೆ ನಾನು ಹೇಳಿದ್ದು, ಆ ಫೋಟೊದಲ್ಲಿ ಕಾಣದ ಒಂದು ಗೊಬ್ಬರದ ಚೀಲವೂ ಇದೆ ಅಂತ.

ಹಾಗಾದರೆ ನೀತಿಯ ಪ್ರಶ್ನೆ? ತನ್ನ ಜನರನ್ನು ಹಿಂಸಿಸುವವರ ಜೊತೆ ವ್ಯಾಪಾರ ಸರಿಯಾ? ಇಲ್ಲಿ ನಮ್ಮ ಎಲ್ಲ ಸರ್ಕಾರಗಳೂ ಹೆಚ್ಚು ಕಡಿಮೆ ಒಂದೇ. 2022ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯಲ್ಲಿ, ಶಿನ್‌ಜಿಯಾಂಗ್‌ನ ಉಯಿಘುರ್ ಜನರ ಸ್ಥಿತಿ ಬಗ್ಗೆ ಚರ್ಚೆ ಮಾಡೋಣವೇ ಅಂತ ಮತಕ್ಕೆ ಹಾಕಿದರು. ಬೇಕು ಅಂದವರು 17, ಬೇಡ ಅಂದವರು 19, ಸುಮ್ಮನಿದ್ದವರು 11. ಭಾರತ ಆ ಹನ್ನೊಂದರಲ್ಲಿ ಇತ್ತು. ಒಂದು ದೇಶವನ್ನು ಗುರಿ ಮಾಡುವ ನಿರ್ಣಯ ನೆರವಿಗೆ ಬರಲ್ಲ ಅನ್ನುವುದು ನಮ್ಮ ಹಳೆಯ ನಿಲುವು. ನಾಳೆ ಅದೇ ಮೇಜಿನ ಮೇಲೆ ಕಾಶ್ಮೀರ ಬಂದರೆ ಅನ್ನುವ ಅಳುಕೂ ಅದರಲ್ಲಿದೆ. ನನಗೆ ಆ ದಿನ ನೋವಾಯಿತು. ಚರ್ಚೆ ಆಗಲಿ ಅನ್ನುವುದಕ್ಕೂ ನಾವು ಕೈ ಎತ್ತಲಿಲ್ಲ.

ನೋವಾಗಲು ಕಾರಣ ನಮ್ಮ ಜಿಲ್ಲೆಯಲ್ಲೇ ಇದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ. 1960ರ ಆಸುಪಾಸಿನಲ್ಲಿ ಕಾಡು ಕಡಿದ ಆ ನೆಲವನ್ನು ಟಿಬೆಟಿನಿಂದ ಓಡಿ ಬಂದವರಿಗೆ ಕೊಟ್ಟರು. ಈಗ ಅಲ್ಲಿ ಮುಸುಕಿನ ಜೋಳದ ಹೊಲದ ನಡುವೆ ಮಠಗಳಿವೆ. ಅಂಗಡಿ ಅಜ್ಜಿಯರು ಚಿಲ್ಲರೆ ಎಣಿಸುವಾಗ ಕನ್ನಡದಲ್ಲಿ ಎಣಿಸುತ್ತಾರೆ. ಅಲ್ಲಿ ಒಬ್ಬ ಹಿರಿಯರು 2003ರ ಆ ಒಪ್ಪಂದದ ಬಗ್ಗೆ ನನಗೆ ಹೇಳಿದ್ದು: "ನೆಲ ಕೊಟ್ಟಿದ್ದೀರಿ, ಅನ್ನ ಕೊಟ್ಟಿದ್ದೀರಿ, ಅದನ್ನು ಮರೆಯಲ್ಲ. ಆದರೆ ನಮ್ಮ ಊರಿನ ಹೆಸರು ಬರೆದುಕೊಟ್ಟಿರಿ." ನಾನು ತಲೆ ತಗ್ಗಿಸಿದೆ.

ಆ ಜನರ ವಿಷಯದಲ್ಲಿ ದೆಹಲಿಯ ಮಾತು ಗಾಳಿಗೆ ತಕ್ಕ ಹಾಗೆ ತಿರುಗಿದೆ. 2018ರಲ್ಲಿ ಚೀನಾದ ಜೊತೆ ಸಂಬಂಧ ಸರಿಮಾಡಿಕೊಳ್ಳುವ ಹೊತ್ತು. ದಲೈಲಾಮಾ ಅವರ ಭಾರತ ವಾಸಕ್ಕೆ ಕೃತಜ್ಞತೆ ಹೇಳುವ ಟಿಬೆಟನ್ನರ ಕಾರ್ಯಕ್ರಮಗಳಿಂದ ದೂರ ಇರಿ ಅಂತ ಅಧಿಕಾರಿಗಳಿಗೆ ಸೂಚನೆ ಹೋಯಿತು. 2021ರಲ್ಲಿ, ಗಲ್ವಾನ್ ಆದ ಮರುವರ್ಷ, ಪ್ರಧಾನಿಯೇ ದಲೈಲಾಮಾಗೆ ಫೋನ್ ಮಾಡಿ ಹುಟ್ಟುಹಬ್ಬದ ಶುಭಾಶಯ ಹೇಳಿ, ಅದನ್ನು ಎಲ್ಲರಿಗೂ ತಿಳಿಸಿದರು. 2025ರ ಜುಲೈನಲ್ಲಿ, 90ನೇ ಹುಟ್ಟುಹಬ್ಬದ ಮೊದಲು, ಉತ್ತರಾಧಿಕಾರಿಯನ್ನು ದಲೈಲಾಮಾ ಅವರೇ ನಿರ್ಧರಿಸಬೇಕು ಅಂತ ಸಚಿವ ಕಿರಣ್ ರಿಜಿಜು ಹೇಳಿದರು. ಮರುದಿನವೇ ವಿದೇಶಾಂಗ ಸಚಿವಾಲಯ, ನಂಬಿಕೆಯ ವಿಷಯದಲ್ಲಿ ಸರ್ಕಾರ ನಿಲುವು ತಳೆಯುವುದಿಲ್ಲ ಎಂದು ತಿಳಿಸಿತು. ಸುಂಕದ ಏರಿಳಿತಕ್ಕೆ ನಾನು ಕಾರಣ ಹುಡುಕಿ ಸಮಾಧಾನ ಪಡಬಲ್ಲೆ. ಮನುಷ್ಯರನ್ನು ಹೀಗೆ ಏರಿಸಿ ಇಳಿಸುವುದಕ್ಕೆ ನನ್ನ ಹತ್ತಿರ ಸಮಾಧಾನವಿಲ್ಲ. ವ್ಯಾಪಾರ ಮಾಡಿ, ತಪ್ಪೇನಿಲ್ಲ. ಆದರೆ ನಮ್ಮ ನೆರಳಿನಲ್ಲಿ ಇರುವವರ ಬಗ್ಗೆ ಆಡುವ ಮಾತು ಮಾರುಕಟ್ಟೆಯ ದರದಂತೆ ಇರಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾಗಿ ನಾಯಕರಿಂದ ನಾನು ಬಹಿಷ್ಕಾರ ಕೇಳುವುದಿಲ್ಲ. ಬೆಳೆಗಾರ ಮತ್ತು ನೇಕಾರ ಇಬ್ಬರಿಗೂ ಐದು ವರ್ಷ ಮುಂಚೆ ಗೊತ್ತಿರುವ ಒಂದು ಸುಂಕ ಕೇಳುತ್ತೇನೆ. ರೀಲಿಂಗ್ ಯಂತ್ರವನ್ನು ನಾವೇ ಮಾಡುವ ಪ್ರಯತ್ನಕ್ಕೆ ಹಣ ಕೇಳುತ್ತೇನೆ. ನಮ್ಮ ಮಂಡ್ಯದ ಮರ್ಲಗಲ್ಲದಲ್ಲಿ ಲಿಥಿಯಂ ಸಿಕ್ಕಿತು ಅಂದಾಗ ಚೀನಾದ ಹಂಗು ತೀರಿತು ಅಂತ ಎಷ್ಟೋ ಜನ ಬರೆದರು. ಅಲ್ಲಿ ಅಂದಾಜಿಸಿರುವುದು 1,600 ಟನ್. ಜಗತ್ತಿನ ಲೆಕ್ಕದಲ್ಲಿ ಅದು ತೀರಾ ಕಡಿಮೆ. ಅದಿರು ನೆಲದಲ್ಲಿ ಇದ್ದರೆ ಸಾಲದು, ಅದನ್ನು ಶುದ್ಧ ಮಾಡುವ ವಿದ್ಯೆ ಬೇಕು. ಚೀನಾ ಮುಂದಿರುವುದು ಆ ವಿದ್ಯೆಯಲ್ಲಿ. ಶ್ರೀರಾಂಪುರದಲ್ಲಿ ಬಿಳಿ ಗೂಡಿಗೆ ಹಿಡಿದಷ್ಟು ವರ್ಷ ಇದಕ್ಕೂ ಹಿಡಿಯುತ್ತೆ.

ನೀವು ಏನು ಮಾಡಬಹುದು ಅಂತ ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಮಂಡ್ಯದ ಸಂಸದ ಎಚ್.ಡಿ. ಕುಮಾರಸ್ವಾಮಿ 2024ರಿಂದ ಕೇಂದ್ರದಲ್ಲಿ ಬೃಹತ್ ಕೈಗಾರಿಕೆ ಮತ್ತು ಉಕ್ಕು ಸಚಿವರು. ಚೀನಾದ ಪ್ರಶ್ನೆ ಅವರ ಮೇಜಿಗೆ ದಿನವೂ ಬರುತ್ತೆ. ಆಯಸ್ಕಾಂತ ಇಲ್ಲೇ ತಯಾರಾಗಲಿ ಅನ್ನುವ ಕೆಲಸ ಅವರ ಇಲಾಖೆಯದು. ಅಗ್ಗದ ಉಕ್ಕು ಹೊರಗಿನಿಂದ, ಮುಖ್ಯವಾಗಿ ಚೀನಾದಿಂದ, ನುಗ್ಗುತ್ತಿದೆ ಅಂತ 2025ರ ಏಪ್ರಿಲ್‌ನಲ್ಲಿ ಕೆಲವು ಬಗೆಯ ಉಕ್ಕಿನ ಮೇಲೆ ಶೇ 12ರ ರಕ್ಷಣಾ ಸುಂಕ ಬಿತ್ತು. ರಾಮನಗರ, ಚನ್ನಪಟ್ಟಣದ ಶಾಸಕರಾಗಿದ್ದವರು ಅವರು, ಗೂಡು, ನೂಲು ಅವರಿಗೆ ಬಿಡಿಸಿ ಹೇಳಬೇಕಿಲ್ಲ. ಮುಂದಿನ ಸಲ ನಿಮ್ಮ ಕಡೆ ಬಂದಾಗ ಚೀನಾ ಒಳ್ಳೆಯದಾ ಕೆಟ್ಟದ್ದಾ ಅಂತ ಕೇಳಬೇಡಿ. ಅದಕ್ಕೆ ಭಾಷಣ ಸಿಗುತ್ತೆ. ಉಕ್ಕಿಗೆ ಹಾಕಿದ ಬೇಲಿ ರೇಷ್ಮೆಗೆ ಎಷ್ಟು ವರ್ಷ ನಿಲ್ಲುತ್ತೆ ಅಂತ ಕೇಳಿ. ಫೆಬ್ರುವರಿ 1ರಂದು ಬಜೆಟ್ ಬಂದಾಗ ಸುಂಕದ ಪಟ್ಟಿಯ 50ನೇ ಅಧ್ಯಾಯ ತೆಗೆದು, 5002 ಅನ್ನುವ ಸಾಲನ್ನು ನಿಮ್ಮ ಮಗನ ಮೊಬೈಲಿನಲ್ಲಿ ನೋಡಿ. ಕಚ್ಚಾ ರೇಷ್ಮೆ ಇರುವುದು ಅಲ್ಲಿ.